ಯೇಸಪ್ಪನನ್ನು ಗುಮ್ಮ ಮಾಡಬೇಡಿ

ನಮ್ಮನೆಯಲ್ಲಿ ಒಂದು ನಿಯಮ ಇದೆ. ತಟ್ಟೆಯಲ್ಲಿ ಪಲ್ಯ ಹಾಗೇ ಬಿಟ್ಟರೆ ಬೈಯುವವಳು ನಾನು. ಹೋಂವರ್ಕ್ ಮುಗಿಸದಿದ್ದರೆ ಟಿವಿ ಆಫ್ ಮಾಡುವವಳೂ ನಾನೇ. ಅಕ್ಕ ತಮ್ಮ ಕಿತ್ತಾಡಿದರೆ ಇಬ್ಬರನ್ನೂ ಬೇರೆ ಬೇರೆ ರೂಮಿಗೆ ಕಳಿಸುವುದು ಅವರ ಅಪ್ಪನ ಕೆಲಸ. ಈ ಯಾವುದಕ್ಕೂ ಯೇಸಪ್ಪನನ್ನು ಎಳೆದು ತರುವ ಹಾಗಿಲ್ಲ. "ನೋಡು, ಯೇಸಪ್ಪ ಮೇಲಿಂದ ನೋಡ್ತಿದಾನೆ", "ಸುಳ್ಳು ಹೇಳಿದ್ರೆ ಯೇಸಪ್ಪ ಸುಮ್ನೆ ಬಿಡಲ್ಲ", "ಅಮ್ಮನ ಮಾತು ಕೇಳದ ಮಕ್ಕಳನ್ನು ಕಂಡ್ರೆ ಯೇಸಪ್ಪನಿಗೆ ಆಗಲ್ಲ". ಇವೆಲ್ಲ ಹೊಸ್ತಿಲಿನ ಆಚೆ. ನಮ್ಮತ್ತೆಗೂ ಇದೇ ನಿಯಮ, ರಜಕ್ಕೆ ಬರುವ ದೊಡ್ಡಮ್ಮ ಚಿಕ್ಕಮ್ಮಂದಿರಿಗೂ ಇದೇ.

ಇದನ್ನು ಕೇಳಿ ಮುಖ ಸಿಂಡರಿಸುವವರೇ ಜಾಸ್ತಿ. ಅದರಲ್ಲೂ ನಮ್ಮ ಚರ್ಚಿನ ಹೆಂಗಸರು. "ಮತ್ತೆ ಮಕ್ಕಳಿಗೆ ದೇವರ ಭಯ ಹೇಗೆ ಬರುತ್ತೆ? ಯೆಹೋವನ ಭಯವೇ ತಿಳುವಳಿಕೆಗೆ ಮೂಲ ಅಂತ ಬೈಬಲಿನ ಜ್ಞಾನೋಕ್ತಿಯಲ್ಲೇ ಇದೆಯಲ್ಲ" ಅನ್ನುತ್ತಾರೆ. ನಾನು ಹತ್ತು ಆಜ್ಞೆಗಳನ್ನು ತೆಗೆದು ತೋರಿಸುತ್ತೇನೆ. ಅದೇ ಬೈಬಲಿನ ವಿಮೋಚನಕಾಂಡ, 20ನೇ ಅಧ್ಯಾಯ. ದೇವರ ಹೆಸರನ್ನು ಅಯೋಗ್ಯ ಕಾರ್ಯಕ್ಕೆ ಎತ್ತಬಾರದು. ಸಂಡೇ ಸ್ಕೂಲಿನಲ್ಲಿ ನಮಗೆ ಇದನ್ನು ಕಲಿಸಿದ್ದು ಸುಳ್ಳು ಆಣೆ ಇಡಬಾರದು, ಮಾತುಮಾತಿಗೆ ದೇವರಾಣೆ ಅನ್ನಬಾರದು ಅಂತ. ಸರಿ, ಒಪ್ಪಿದೆ. ಆದರೆ ಭೂಮಿ ಆಕಾಶ ಮಾಡಿದವನ ಹೆಸರನ್ನು ಬೀನ್ಸ್ ಪಲ್ಯ ತಿನ್ನಿಸೋಕೆ ಬಳಸುವುದು ಯೋಗ್ಯ ಕಾರ್ಯವಾ? ನನ್ನ ಕೆಲಸ ಸಲೀಸಾಗಲಿ ಅಂತ ದೇವರನ್ನು ಗುಮ್ಮನ ಕೆಲಸಕ್ಕೆ ಇಟ್ಟುಕೊಂಡ ಹಾಗಾಯಿತು, ಅಷ್ಟೇ.

ಗುಮ್ಮನ ಕತೆ ಗೊತ್ತಲ್ಲ. ಒಂದು ವಯಸ್ಸಿನ ತನಕ ಕೆಲಸ ಮಾಡುತ್ತಾನೆ. ಆಮೇಲೆ ಮಗುವಿಗೆ ಗೊತ್ತಾಗುತ್ತೆ, ಪಲ್ಯ ಬಿಟ್ಟರೂ ಏನೂ ಆಗಲಿಲ್ಲ, ಸುಳ್ಳು ಹೇಳಿದರೂ ಸಿಡಿಲು ಬಡಿಯಲಿಲ್ಲ. ಆವತ್ತು ಗುಮ್ಮನ ಜೊತೆ ಯೇಸಪ್ಪನೂ ಮನೆ ಬಿಟ್ಟು ಹೋಗುತ್ತಾನೆ. ನಮ್ಮ ಕಡೆಯಲ್ಲೇ ಎಷ್ಟು ಜನ ಇಲ್ಲ! ಚಿಕ್ಕವರಿದ್ದಾಗ ಬೈಬಲ್ ವಾಕ್ಯ ಕಂಠಪಾಠದಲ್ಲಿ ಫಸ್ಟ್ ಪ್ರೈಜು, ಪಿಯುಸಿ ಮುಗಿದ ಮೇಲೆ ಕ್ರಿಸ್‌ಮಸ್‌ಗೆ ಮಾತ್ರ ಚರ್ಚು. ಅವರನ್ನು ಕೇಳಿದರೆ ದೇವರ ಮೇಲೆ ಕೋಪವೇನೂ ಇರುವುದಿಲ್ಲ. ಹೆದರಿಕೆ ಹೋಯಿತು, ಅದರ ಹಿಂದೆ ಬೇರೆ ಏನೂ ಇರಲಿಲ್ಲ.

ಕರಡಿ ಪ್ರಸಂಗ ಹೇಳಲೇಬೇಕು.

ಬೇಸಿಗೆ ರಜದಲ್ಲಿ ಮಗನನ್ನು ವಿಬಿಎಸ್‌ಗೆ ಕಳಿಸಿದ್ದೆವು. ವೆಕೇಶನ್ ಬೈಬಲ್ ಸ್ಕೂಲ್. ಏಪ್ರಿಲ್ ಮೇ ತಿಂಗಳಲ್ಲಿ ಬೆಂಗಳೂರಿನ ಬಹಳಷ್ಟು ಚರ್ಚುಗಳ ಕಾಂಪೌಂಡಿನಲ್ಲಿ ಇದು ನಡೆಯುತ್ತೆ. ಆಕ್ಷನ್ ಸಾಂಗು, ಬಣ್ಣದ ಪೇಪರು, ಪ್ಲಾಸ್ಟಿಕ್ ಲೋಟದಲ್ಲಿ ಜ್ಯೂಸು. ಅಲ್ಲಿ ಯಾರೋ ಉತ್ಸಾಹದ ಹುಡುಗ, ದೊಡ್ಡವರಿಗೆ ಮರ್ಯಾದೆ ಕೊಡಬೇಕು ಅಂತ ಕಲಿಸಲು ಎಲೀಷನ ಕತೆ ಹೇಳಿದ್ದಾನೆ. ಹಳೇ ಒಡಂಬಡಿಕೆ, ಎರಡನೇ ಅರಸುಗಳು ಅನ್ನುವ ಪುಸ್ತಕ, ಎರಡನೇ ಅಧ್ಯಾಯದ ಕೊನೆ. ಬೇತೇಲಿನ ಹುಡುಗರು ಪ್ರವಾದಿಯ ಬೋಳುತಲೆ ನೋಡಿ ಗೇಲಿ ಮಾಡುತ್ತಾರೆ, ಅವನು ಶಪಿಸುತ್ತಾನೆ, ಕಾಡಿನಿಂದ ಎರಡು ಕರಡಿ ಬಂದು 42 ಹುಡುಗರನ್ನು ಸೀಳಿಹಾಕುತ್ತವೆ. ನನ್ನ ಮಗನಿಗೋ, ದಿನಾ ಬೆಳಿಗ್ಗೆ ತಾತನ ಬೋಳುತಲೆ ಮೇಲೆ ತಬಲ ಬಾರಿಸದೆ ಹಾಲು ಇಳಿಯುವುದಿಲ್ಲ. ಆವತ್ತು ರಾತ್ರಿ ಎಷ್ಟು ಹೊತ್ತಾದರೂ ನಿದ್ದೆ ಇಲ್ಲ. ಲೈಟ್ ಆರಿಸಬೇಡ ಅಂತಾನೆ. ಕೊನೆಗೆ ಮೆಲ್ಲಗೆ ಕೇಳಿದ, "ಅಮ್ಮ, ಬನ್ನೇರುಘಟ್ಟದಿಂದ ನಮ್ಮನೆಗೆ ಬರೋಕೆ ಕರಡಿಗೆ ಎಷ್ಟು ಹೊತ್ತಾಗುತ್ತೆ?"

ನಗು ಬಂತು, ಸಿಟ್ಟೂ ಬಂತು. ನಗುವನ್ನು ನುಂಗಿಕೊಂಡೆ.

ಆ ಕತೆ ಬೈಬಲಿನಲ್ಲಿ ಇಲ್ಲ ಅಂತ ನಾನು ಹೇಳಲಾರೆ. ಇದೆ. ಅದು ಯಾಕಿದೆ ಅಂತ ಓದಿದವರೇ ತಲೆ ಕೆಡಿಸಿಕೊಂಡಿದ್ದಾರೆ. ನನಗೂ ಆ ಕತೆ ಇಷ್ಟ ಇಲ್ಲ ಕಣೋ ಅಂದೆ. ಅವನಿಗೆ ಆಶ್ಚರ್ಯ. ಬೈಬಲಿನ ಕತೆಯನ್ನು ಇಷ್ಟ ಇಲ್ಲ ಅನ್ನಬಹುದಾ? ಅನ್ನಬಹುದು ಅಂದೆ. ಆಮೇಲೆ ಇಬ್ಬರೂ ಕೂತು ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ಓದಿದೆವು. ಅದೇ ಎಲೀಷ ಯೆರಿಕೋವಿನ ಕೆಟ್ಟ ನೀರಿಗೆ ಉಪ್ಪು ಹಾಕಿ ಕುಡಿಯುವ ಹಾಗೆ ಮಾಡುತ್ತಾನೆ. ಅಲ್ಲಿಂದ ಹೊಸ ಒಡಂಬಡಿಕೆಗೆ ಹಾರಿ ಲೂಕನ ಒಂಬತ್ತನೇ ಅಧ್ಯಾಯ ತೆಗೆದೆವು. ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಸೇರಿಸುವುದಿಲ್ಲ. ಶಿಷ್ಯರಾದ ಯಾಕೋಬ ಯೋಹಾನರಿಗೆ ರೇಗಿಹೋಗುತ್ತೆ, ಆಕಾಶದಿಂದ ಬೆಂಕಿ ಸುರಿಸಿ ಇವರನ್ನು ಸುಟ್ಟುಬಿಡೋಣವಾ ಅಂತ ಕೇಳುತ್ತಾರೆ. ಯೇಸು ತಿರುಗಿ ಬೈದದ್ದು ಹಳ್ಳಿಯವರನ್ನಲ್ಲ, ಇವರಿಬ್ಬರನ್ನು. ಎಲ್ಲರೂ ಬೇರೆ ಊರಿಗೆ ಹೋದರು, ಅಷ್ಟೇ. ಮಗ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಯೇಸಪ್ಪ ಕರಡಿ ಕಳಿಸಲ್ಲ" ಅಂದ. ಕಳಿಸಲ್ಲ ಅಂದೆ. ಬೆಳಿಗ್ಗೆ ತಬಲ ಮತ್ತೆ ಶುರುವಾಯಿತು.

ಮಕ್ಕಳಿಗೆ ದೇವರ ಬಗ್ಗೆ ಹೇಳುವುದು ಹೇಗೆ ಅಂತ ಬೈಬಲಿನಲ್ಲೇ ಒಂದು ಜಾಗದಲ್ಲಿ ಬರೆದಿದೆ. ಧರ್ಮೋಪದೇಶಕಾಂಡ, ಆರನೇ ಅಧ್ಯಾಯ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಿ ಅಂತ. ಇದು ನನಗೆ ತುಂಬ ಹಿಡಿಸಿದ್ದು. ಕ್ಲಾಸ್ ತಗೊಳ್ಳಿ ಅನ್ನುವುದಿಲ್ಲ, ಪರೀಕ್ಷೆ ಇಡಿ ಅನ್ನುವುದಿಲ್ಲ. ದಾರಿ ನಡೆಯುವಾಗ ಅಂತೆ. ಆ ಮಾತು ಹೇಳಿದ ಮೋಶೆ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿರಲಿಲ್ಲ, ನೋಡಿದ್ದರೆ ಅದನ್ನೂ ಸೇರಿಸುತ್ತಿದ್ದನೋ ಏನೋ. ನಮ್ಮ ಮನೆ ಹೊಸೂರು ರಸ್ತೆಯ ಕಡೆ, ಚರ್ಚು ಊರ ನಡುವೆ. ನಮ್ಮನೆಯ ಬೈಬಲ್ ಸ್ಟಡಿ ಎಲ್ಲ ಆ ಸಿಗ್ನಲ್ಲುಗಳಲ್ಲೇ ಆಗಿರುವುದು.

ಒಂದು ಸಂಜೆ ಹೀಗೇ ಸಿಕ್ಕಿಕೊಂಡಿದ್ದೆವು. ಹಿಂದೆ ಆಂಬುಲೆನ್ಸ್. ಸೈರನ್ ಕೇಳಿದ ಕೂಡಲೇ ಮಗ ಕಣ್ಣು ಮುಚ್ಚಿ ಕೈ ಮುಗಿದ. ಒಳಗಿರುವವರಿಗೋಸ್ಕರ ಪ್ರಾರ್ಥನೆ ಮಾಡೋದು ಅವನಿಗೆ ನನ್ನ ಅಮ್ಮ ಹೇಳಿಕೊಟ್ಟಿರುವ ಅಭ್ಯಾಸ. ನಮ್ಮ ಯಜಮಾನರೂ ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ "ಕರ್ತನೇ, ಕಾಪಾಡಪ್ಪ" ಅಂದರು. ಹಿಂದಿನ ಸೀಟಿನಿಂದ ಮಗಳು, "ಅಪ್ಪ, ಮೊದ್ಲು ಎಡಕ್ಕೆ ತಗೋ. ಆಮೇಲೆ ಪ್ರಾರ್ಥನೆ ಮಾಡು." ಅಲ್ಲಿ ಒಂದು ಬೈಕ್ ಹಿಡಿಸುವಷ್ಟು ಜಾಗ ಇತ್ತು, ಹೇಗೋ ಗಾಡಿ ನುಗ್ಗಿಸಿದರು, ಆಂಬುಲೆನ್ಸ್ ದಾಟಿತು. ಯಾಕೋಬನ ಪತ್ರಿಕೆಯಲ್ಲಿ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಇದೆ. ಅದನ್ನು ನಾನು ಪಾಸ್ಟರುಗಳ ಎಷ್ಟು ಪ್ರಸಂಗದಲ್ಲಿ ಕೇಳಿದ್ದೇನೋ. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಪರೀಕ್ಷೆ ವಿಷಯಕ್ಕೆ ಬಂದರೆ ಇನ್ನೊಂದು ತಲೆನೋವು. ಮಾರ್ಚ್ ಬಂತು ಅಂದರೆ ಚರ್ಚಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳನ್ನೆಲ್ಲ ಮುಂದೆ ಕರೆದು ಪ್ರಾರ್ಥನೆ ಮಾಡುತ್ತಾರೆ. ಒಳ್ಳೆಯದೇ, ಮಕ್ಕಳಿಗೆ ಧೈರ್ಯ ಬರುತ್ತೆ. ಆದರೆ ರಿಸಲ್ಟ್ ಬಂದ ಮೇಲೆ "ಪ್ರಾರ್ಥನೆ ಮಾಡಿದ್ದಕ್ಕೆ ಬಂತು" ಅಂದರೆ ಬರದವರ ಗತಿ? ಮಗಳು ಒಮ್ಮೆ ಮುಖ ಊದಿಸಿಕೊಂಡು ಬಂದಳು. ಇವಳು ಪ್ರಾರ್ಥನೆ ಮಾಡಿ ಬರೆದ ಗಣಿತದಲ್ಲಿ, ದೇವರೇ ಇಲ್ಲ ಅನ್ನುವ ಫ್ರೆಂಡಿಗೆ ಜಾಸ್ತಿ ಮಾರ್ಕ್ಸು. ನಾನು ಸಮಾಧಾನ ಹೇಳಲಿಲ್ಲ. ಯೇಸುವನ್ನು ಹಿಡಿದ ರಾತ್ರಿಯ ಗೆತ್ಸೇಮನೆ ತೋಟದ ಕತೆ ನೆನಪಿಸಿದೆ. ಈ ಪಾತ್ರೆ, ಅಂದರೆ ಬರಲಿರುವ ಕಷ್ಟ, ನನ್ನಿಂದ ತೊಲಗಲಿ ಅಂತ ಯೇಸುವೇ ಕೇಳಿಕೊಂಡ, ತೊಲಗಲಿಲ್ಲ. ಮರುದಿನವೇ ಶಿಲುಬೆ. ದೇವರ ಮಗನ ಪ್ರಾರ್ಥನೆಗೇ ಅಪ್ಪ ಹೂಂ ಅನ್ನಲಿಲ್ಲ ಅಂದ ಮೇಲೆ ನಿನ್ನ ಗಣಿತದ ಪೇಪರ್ ಏನು ಮಹಾ? "ಹಾಗಾದ್ರೆ ಯಾಕೆ ಕೇಳಬೇಕು?" ಅಂದಳು. ಕೇಳುವಷ್ಟು ಸಲುಗೆ ಇದೆಯಲ್ಲ, ಅದಕ್ಕೆ ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ನನಗೂ ಕೆಲವು ರಾತ್ರಿ ಆಗುವುದಿಲ್ಲ. ಅಂಥ ಹೊತ್ತಲ್ಲಿ 13ನೇ ಕೀರ್ತನೆ ಓದುತ್ತೇನೆ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀಯ ಅಂತ ಶುರುವಾಗುವ ಕೀರ್ತನೆ ಅದು. ದೇವರನ್ನು ಹೀಗೆ ದಬಾಯಿಸಿ ಕೇಳುವುದನ್ನೂ ಪ್ರಾರ್ಥನೆ ಅಂತ ಒಪ್ಪಿಕೊಂಡ ಪುಸ್ತಕ ನಮ್ಮದು. ದೇವರು ನನಗೆ ಕುರುಬ ಅನ್ನುವ 23ನೇ ಕೀರ್ತನೆಯನ್ನು ಮಕ್ಕಳಿಗೆ ಎಲ್ಲರೂ ಕಲಿಸುತ್ತಾರೆ. 13ನೆಯದನ್ನೂ ಕಲಿಸಬೇಕು ಅನ್ನುವುದು ನನ್ನ ಹಟ.

ಇನ್ನು ಪಕ್ಕದ ಮನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕ್ರಿಶ್ಚಿಯನ್ ಮಕ್ಕಳನ್ನು ಬೆಳೆಸುವಾಗ ದೇವರ ಪಾಠ ಅರ್ಧ ಅಲ್ಲೇ ಆಗುತ್ತೆ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಒಬ್ಬಟ್ಟು, ಗೌರಿ ಗಣೇಶನಿಗೆ ಕಡುಬು, ರಂಜಾನ್‌ಗೆ ಎರಡನೇ ಮಹಡಿಯಿಂದ ಬಿರಿಯಾನಿ. ನಮ್ಮತ್ತೆ ಪ್ರಸಾದ ಮುಟ್ಟುವುದಿಲ್ಲ. ಅವರದು ಹಳೇ ಕಾಲದ ನಂಬಿಕೆ, ಅವರನ್ನು ಬದಲಾಯಿಸಲು ನಾನು ಹೋಗುವುದಿಲ್ಲ. ವಿಷಯ ಹೊಸದೇನಲ್ಲ. ಬೈಬಲ್ ಕಾಲದ ಕೊರಿಂಥ ಊರಿನ ಕ್ರೈಸ್ತರಿಗೂ ಇದೇ ಜಗಳ ಇತ್ತು. ಯೇಸುವಿನ ಸುವಾರ್ತೆ ಸಾರಿದ ಪೌಲ ಅವರಿಗೆ ಬರೆದ ಮೊದಲ ಪತ್ರಿಕೆಯ ಎಂಟನೇ ಅಧ್ಯಾಯದಲ್ಲಿ ಊಟ ನಮ್ಮನ್ನು ದೇವರ ಹತ್ತಿರ ಮಾಡುವುದಿಲ್ಲ ಅನ್ನುತ್ತಾನೆ, ತಿಂದರೆ ಲಾಭವಿಲ್ಲ, ಬಿಟ್ಟರೆ ನಷ್ಟವಿಲ್ಲ ಅನ್ನುತ್ತಾನೆ. ಹತ್ತನೇ ಅಧ್ಯಾಯದಲ್ಲಿ, ಇದು ನೈವೇದ್ಯ ಅಂತ ಯಾರಾದರೂ ಹೇಳಿದರೆ ತಿನ್ನಬೇಡಿ ಅಂತಲೂ ಅನ್ನುತ್ತಾನೆ. ಎರಡನ್ನೂ ಮಕ್ಕಳಿಗೆ ಓದಿ ಹೇಳಿದ್ದೇನೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ತಂದುಕೊಟ್ಟವರ ಮುಂದೆ ಬೇಡ ಅಂತ ಕೈ ಅಡ್ಡ ಹಿಡಿಯುವ ಹಾಗಿಲ್ಲ. ಎರಡೂ ಕೈಯಲ್ಲಿ ತಗೋಬೇಕು, ಥ್ಯಾಂಕ್ಸ್ ಆಂಟಿ ಅನ್ನಬೇಕು, ಡಬ್ಬಿ ಖಾಲಿ ವಾಪಸ್ ಕೊಡಬಾರದು.

ಡಬ್ಬಿಗೆ ಡಬ್ಬಿ ತೀರಿಸುವುದು ಡಿಸೆಂಬರಿನಲ್ಲಿ. ಎಲ್ಲರೂ ನೆಲಕ್ಕೆ ಪೇಪರ್ ಹಾಸಿ ಕ್ರಿಸ್ಮಸ್ ಸಿಹಿತಿಂಡಿ ಕಲ್‌ಕಲ್‌ಗೆ ಕೂರುತ್ತೇವೆ. ಮೈದಾಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆ ಮೇಲೆ ಒತ್ತಿ ಸುರುಳಿ ಸುತ್ತಬೇಕು, ಗೀರು ಸರಿಯಾಗಿ ಮೂಡಬೇಕು. ಇದಕ್ಕೇ ಅಂತ ಪ್ರತಿ ವರ್ಷ ಹೊಸ ಬಾಚಣಿಗೆ ತರುತ್ತೇವೆ, ಹೊಸ ವರ್ಷ ಬರುವಷ್ಟರಲ್ಲಿ ಅದು ಯಾರ ತಲೆಗೋ ಹೋಗಿರುತ್ತೆ. ಎದುರು ಮನೆಯವರು ಮೊಟ್ಟೆ ತಿನ್ನುವುದಿಲ್ಲ. ಅವರಿಗೆ ಬರೀ ತೆಂಗಿನಹಾಲು ಹಾಕಿದ ಹಿಟ್ಟು ಬೇರೆ, ಬಾಣಲೆ ಬೇರೆ, ಎಣ್ಣೆ ಬೇರೆ. ಮಗ ಅದನ್ನು ಕಾಯುವುದೇ ಒಂದು ಚಂದ. ಅಕ್ಕನ ಚಮಚ ಆ ಕಡೆ ಹೋದರೆ ಸಾಕು, "ಏಯ್, ಅದು ಆಂಟೀದು!" ಅಂತ ಕೂಗುತ್ತಾನೆ. ಇಷ್ಟೆಲ್ಲ ಯಾಕಮ್ಮ, ಅವರಿಗೆ ಗೊತ್ತಾಗುತ್ತಾ ಅಂತ ಕೇಳಿದವರಿಗೆ ಅವನೇ ಉತ್ತರ ಕೊಟ್ಟ, "ನಮಗೆ ಗೊತ್ತಿರುತ್ತಲ್ಲ."

ಮೇಲಿನ ಮನೆಯ ಹುಡುಗಿ ಮಗಳ ಜೀವದ ಗೆಳತಿ. ಅವಳು ನರಕಕ್ಕೆ ಹೋಗ್ತಾಳಾ ಅಂತ ಮಗಳು ಕೇಳಿದ್ದು ತುಂಬ ಚಿಕ್ಕವಳಿದ್ದಾಗ. ಎಲ್ಲಿ ಕೇಳಿಕೊಂಡು ಬಂದಳೋ. ತೀರ್ಪು ಕೊಡೋ ಕುರ್ಚಿ ನಮ್ಮದಲ್ಲ ಅಂದೆ. ಒಳ್ಳೆ ನೆರೆಯವನು ಯಾರು ಅಂತ ಕೇಳಿದಾಗ ಯೇಸು ತೋರಿಸಿದ್ದು ಯಾಜಕನನ್ನಲ್ಲ, ದೇವಾಲಯದ ಸೇವೆಯ ಲೇವಿಯನನ್ನಲ್ಲ, ಕೇಳುತ್ತಿದ್ದವರು ಕಂಡರಾಗದ ಸಮಾರ್ಯದವನನ್ನು. ಅದಕ್ಕಿಂತ ಜಾಸ್ತಿ ನನಗೂ ಗೊತ್ತಿಲ್ಲ.

ಭಾಷೆ ವಿಷಯವೂ ಇದರ ಜೊತೆಗೇ ಬರುತ್ತೆ. ಕ್ರಿಶ್ಚಿಯನ್ ಅಂದ ಕೂಡಲೇ ಈ ಊರಲ್ಲಿ ಕೇಳುವುದು ಎರಡೇ ಪ್ರಶ್ನೆ. ತಮಿಳಾ, ಮಲಯಾಳಿನಾ? ಇಲ್ಲ ರೀ, ಕನ್ನಡದವರು ಅಂದರೆ, ಓ ಹೌದಾ ಅಂತ ಮೇಲಿಂದ ಕೆಳಗೆ ನೋಡುತ್ತಾರೆ. ಮಗನಿಗೆ ಸ್ಕೂಲಲ್ಲಿ ಯಾರೋ ನೀವು ಫಾರಿನ್ ದೇವರವರು ಅಂದರಂತೆ. ಜೂನಿನಲ್ಲಿ ಪುಸ್ತಕ ಕೊಳ್ಳಲು ಅವೆನ್ಯೂ ರೋಡಿಗೆ ಹೋದಾಗ ಆ ಗಲಾಟೆ ನಡುವೆಯೇ ಇರುವ ರೈಸ್ ಚರ್ಚ್ ತೋರಿಸಿದೆ. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಇದ್ದಾರಲ್ಲ, ಅವರ ತಂದೆ ಬೆಂಜಮಿನ್ ರೈಸ್ ಹೆಸರಿನ ಚರ್ಚು. ಬರುವಾಗ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್, 1904ರದ್ದು. ಕನ್ನಡದಲ್ಲಿ ಹಾಡಿ ಪ್ರಾರ್ಥನೆ ಮಾಡುವವರ ಚರ್ಚುಗಳು ಇವು. 1894ರಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಕೂಡ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು, ಎಂಜಿ ರೋಡಿನಲ್ಲಿ ಅವರ ಪ್ರತಿಮೆ ಇದೆ. ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಇವರೆಲ್ಲರಿಗಿಂತ ಹಿಂದಿನವರು. ಇಷ್ಟನ್ನು ಹೇಳಿದ್ದು ಮಗ ಸ್ಕೂಲಲ್ಲಿ ವಾದ ಮಾಡಲಿ ಅಂತ ಅಲ್ಲ. ಅವನೂ ಈ ಊರಿನವನೇ ಅಂತ ಅವನಿಗೆ ಗೊತ್ತಿರಲಿ ಅಂತ. ಅವನಿಗೆ ಇಷ್ಟ ಆಗಿದ್ದು ಮಾತ್ರ ಅವೆನ್ಯೂ ರೋಡಿನ ಸೆಕೆಂಡ್ ಹ್ಯಾಂಡ್ ಕಾಮಿಕ್ಸ್.

ಮಕ್ಕಳು ಇಂಗ್ಲಿಷ್ ಮೀಡಿಯಂ. ಸತ್ಯವೇದದ, ಅಂದರೆ ಕನ್ನಡ ಬೈಬಲಿನ, ಹಳೇ ಕನ್ನಡ ಅವರ ನಾಲಿಗೆಗೆ ಕಷ್ಟ. ಆದರೂ ರಾತ್ರಿ ಪ್ರಾರ್ಥನೆ ಕನ್ನಡದಲ್ಲೇ. ಯಾಕೆ ಅಂದರೆ ನಾನು ಪ್ರಾರ್ಥನೆ ಕಲಿತಿದ್ದೇ ಹಾಗೆ. ನಾನು ಕಲಿತ ದೇವರು ಅಮ್ಮನ ದೇವರು.

ಅಮ್ಮ ಚಿಕ್ಕಬಳ್ಳಾಪುರದವರು. ಅವರು ನಮ್ಮನ್ನು ಕೂರಿಸಿಕೊಂಡು ದೇವರ ಬಗ್ಗೆ ಪಾಠ ಮಾಡಿದ್ದು ನೆನಪೇ ಇಲ್ಲ. ಚಳಿಗಾಲದಲ್ಲಿ ಜಗುಲಿ ಮೇಲೆ ಗೋಣಿಚೀಲ ಹಾಸಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಕೈಯೆಲ್ಲ ಸೊಗಡು. ಬಾಯಲ್ಲಿ ಒಂದೇ ಸಮ ಪ್ರಾರ್ಥನೆ, ಕಣ್ಣು ಬಿಟ್ಟುಕೊಂಡೇ, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಿದ ಹಾಗೆ. "ಕರ್ತನೇ, ಆ ಹಿಂದಿನ ಮನೆ ಹುಡುಗಿಗೆ ಹೆರಿಗೆ ಸುಸೂತ್ರ ಆಗಲಿ. ಬಾಡಿಗೆ ಕೊಡದೆ ಓಡಿಹೋದನಲ್ಲ ಅವನಿಗೆ ಒಂದು ಕೆಲಸ ಕೊಡಪ್ಪ, ಕೊಟ್ಟ ಮೇಲೆ ನನ್ನ ಬಾಡಿಗೆಯನ್ನೂ ಸ್ವಲ್ಪ ಜ್ಞಾಪಿಸು." ಹುಳ ಇದ್ದ ಕಾಯಿ ಸಿಕ್ಕರೆ ನಡುವೆ ಅದಕ್ಕೊಂದು ಬೈಗುಳ. ಮತ್ತೆ ಕರ್ತನೇ. ನಾವು ಪಕ್ಕದಲ್ಲಿ ಕೂತು ಸುಲಿಯುತ್ತಿದ್ದೆವು, ಕೇಳಿಸಿಕೊಳ್ಳುತ್ತಿದ್ದೆವು. ನಮ್ಮ ಹೆಸರೂ ಬರುತ್ತಿತ್ತು. ಆದರೆ ಒಂದು ದಿನವೂ ನಮ್ಮ ತಪ್ಪಿನ ಪಟ್ಟಿಯನ್ನು ನಮ್ಮ ಕಿವಿಗೆ ಬೀಳಲಿ ಅಂತ ದೇವರಿಗೆ ಓದಲಿಲ್ಲ. ಕೆಲವು ತಾಯಂದಿರು ಫ್ಯಾಮಿಲಿ ಪ್ರೇಯರಿನಲ್ಲಿ ಅದನ್ನು ಮಾಡುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತೆ.

ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ನಂಬಿಕೆಯನ್ನು ನೆನೆಯುತ್ತಾನೆ. ತಾಯಂದಿರ ಭಾನುವಾರ ಬಂದರೆ ಪ್ರಸಂಗ ಅದರ ಮೇಲೇ ಇರುತ್ತೆ. ಅವರು ಮಗನಿಗೆ ಏನು ಸಿಲೆಬಸ್ ಮಾಡಿದರು, ಎಷ್ಟು ವಾಕ್ಯ ಬಾಯಿಪಾಠ ಮಾಡಿಸಿದರು ಅಂತ ಪೌಲ ಒಂದಕ್ಷರ ಬರೆದಿಲ್ಲ. ಅಲ್ಲಿ ನಂಬಿಕೆ ಅವರಲ್ಲಿ ಇತ್ತು ಅಂತ ಮಾತ್ರ ಬರೆದ. ನನಗೆ ಧೈರ್ಯ ಬರುವುದೂ ಅದರಿಂದಲೇ, ಹೆದರಿಕೆ ಆಗುವುದೂ ಅದರಿಂದಲೇ. ನನ್ನಲ್ಲಿ ಇಲ್ಲದ್ದನ್ನು ಕ್ಲಾಸಿಗೆ ಕಳಿಸಿ ತರಿಸಿಕೊಳ್ಳೋಕೆ ಆಗಲ್ಲ, ಅಲ್ವಾ?

ಹೆದರಿಸದೆ ಬೆಳೆಸಿದ್ದಕ್ಕೆ ಈಗ ಬಿಲ್ ಬಂದಿದೆ. ಮಗಳಿಗೆ 14. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ ಮಗು ಇದ್ದಾಗಲೇ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗುತ್ತೆ. ದೊಡ್ಡವರಾದ ಮೇಲೆ ಕನ್ಫರ್ಮೇಶನ್, ಬಿಷಪ್ ಬಂದು ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸುತ್ತಾರೆ. ಆವತ್ತು ಹೆತ್ತವರು ಹೇಳಿದ ಮಾತನ್ನು ಇವತ್ತು ಅವರೇ ಎದ್ದು ನಿಂತು ಸ್ವಂತ ಬಾಯಿಂದ ಹೇಳಬೇಕು. ಊಟದ ಹೊತ್ತಿನಲ್ಲಿ ಮಗಳು ಶಾಂತವಾಗಿ ಹೇಳಿದಳು, "ಆವಾಗ ನೀವು ಹೇಳಿದ್ರಿ. ಈಗ ನಾನು ಹೇಳಬೇಕು. ನಂಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ದೆ ಹೇಳಿದ್ರೆ ಸುಳ್ಳಾಗುತ್ತೆ." ಯಜಮಾನರ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು. ನಮ್ಮತ್ತೆ ನನ್ನ ಕಡೆ ನೋಡಿದರು. "ಎಲ್ಲಾ ನೀನು ಕೊಟ್ಟ ಸಲುಗೆ ಕಣಮ್ಮ" ಅಂದರು.

ಹೌದು, ನಾನೇ ಕೊಟ್ಟಿದ್ದು. ನೋವಾಗಲಿಲ್ಲ ಅಂದರೆ ಸುಳ್ಳು. ಅವಳು ಆ ಸಾಲಿನಲ್ಲಿ ನಿಲ್ಲಬೇಕು, ಆ ಮಾತು ಹೇಳಬೇಕು ಅನ್ನುವ ಆಸೆ ನನಗೆ ಅವಳು ಹುಟ್ಟಿದಾಗಿನಿಂದ ಇದೆ. ಒಂದು ಮಾತಲ್ಲಿ ಅವಳನ್ನು ಬಗ್ಗಿಸಬಹುದಿತ್ತು. "ನಿನ್ನ ಅಜ್ಜಿ ಮನಸ್ಸು ನೋಯಿಸಿದ್ರೆ ದೇವರು ಮೆಚ್ತಾನಾ?" ಅಂದಿದ್ದರೆ ಸಾಕಿತ್ತು, ಒಳ್ಳೇ ಹುಡುಗಿ, ಹೂಂ ಅಂದಿರೋಳು. ಹಾಗೆ ಹೂಂ ಅನ್ನಿಸಿಕೊಂಡ ದೇವರನ್ನು ಅವಳು ಕಾಲೇಜಿನ ಗೇಟಿನ ತನಕ ಕರೆದುಕೊಂಡು ಹೋಗುತ್ತಾಳೆ, ಅಲ್ಲೇ ಬಿಡುತ್ತಾಳೆ. ಗೊತ್ತಿಲ್ಲ ಅಂತ ಹೇಳುವವಳು ಸುಳ್ಳು ಹೇಳಬಾರದು ಅನ್ನುವುದನ್ನಾದರೂ ಎಲ್ಲಿಂದಲೋ ಕಲಿತಿದ್ದಾಳೆ. ಪಾತ್ರೆ ತೊಳೆಯುವಾಗ ನಾನೂ ಈಗ ಅಮ್ಮನ ಹಾಗೇ ಗೊಣಗುತ್ತೇನೆ. ಅವಳ ಹೆಸರು ಮೊದಲು ಬರುತ್ತೆ. ಅವಳ ಮನಸ್ಸು ತಿರುಗಿಸು ಅಂತ ಕೇಳುತ್ತೇನೆ, ಹೆದರಿಸು ಅಂತ ಕೇಳುವುದಿಲ್ಲ.

ಕನ್ಫರ್ಮೇಶನ್ ಕ್ಲಾಸಿಗೆ ಹೋಗ್ತೀನಿ, ಕೇಳ್ತೀನಿ, ಆಮೇಲೆ ಹೇಳ್ತೀನಿ ಅಂತ ಒಪ್ಪಿದ್ದಾಳೆ. ಹೋಗುತ್ತಿದ್ದಾಳೆ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಳ್ಳುವ ಯೋಬನ ವಿಷಯದಲ್ಲಿ ಸೈತಾನ ಸವಾಲು ಹಾಕಿದರೆ ದೇವರು ಯಾಕೆ ಒಪ್ಪಬೇಕಿತ್ತು, ಸತ್ತ ಮಕ್ಕಳ ಬದಲಿಗೆ ಬೇರೆ ಮಕ್ಕಳು ಹುಟ್ಟಿದರೆ ಸರಿಹೋಗುತ್ತಾ ಅಂತ ಕೇಳಿದ್ದಾಳೆ. ಪಾಸ್ಟರ್, ಓದಿಕೊಂಡು ಬರ್ತೀನಮ್ಮ, ಮುಂದಿನ ವಾರ ಮಾತಾಡೋಣ ಅಂದರಂತೆ. ಆ ಒಂದು ಮಾತಿಗೆ ಅವಳಿಗೆ ಅವರ ಮೇಲೆ ಭಾರೀ ಗೌರವ ಬಂದುಬಿಟ್ಟಿದೆ. ಬಿಷಪ್ ಬರುವ ದಿನ ಇನ್ನೂ ಗೊತ್ತಾಗಿಲ್ಲ. ನಮ್ಮತ್ತೆ ಮಾತ್ರ ಯಾರನ್ನೂ ಕೇಳದೆ ಚಿಕ್ಕಪೇಟೆಗೆ ಹೋಗಿ ಬಿಳಿ ಸೀರೆ ತಂದಿಟ್ಟಿದ್ದಾರೆ. ಮಗಳು ಅದನ್ನು ಬಿಡಿಸಿ, ಹೆಗಲ ಮೇಲೆ ಹಾಕಿಕೊಂಡು, ಕನ್ನಡಿ ಮುಂದೆ ಒಂದು ಸುತ್ತು ತಿರುಗಿ, "ಬಾರ್ಡರ್ ಅಷ್ಟು ಚೆನ್ನಾಗಿಲ್ಲ ಅಜ್ಜಿ. ಬಿಲ್ ಇಟ್ಕೊಂಡಿದೀಯ ತಾನೇ?" ಅಂದಳು.